ಬಿ ಸೈಡಿನ ಬಾಯಾರು

ತೊಂಬತ್ತರ ದಶಕ ಮುಗಿದ ಮೇಲೆ ಕನ್ನಡದಲ್ಲಿ ಹಾಡು ಅನ್ನುವಂಥದ್ದು ಹುಟ್ಟಿಲ್ಲ ಎಂಬುದು ಬಾಯಾರ ಅಭಿಪ್ರಾಯವಾಗಿತ್ತು. ಅಭಿಪ್ರಾಯ ಎನ್ನುವುದು ನನ್ನ ಮಾತು. ಅವರ ಪಾಲಿಗೆ ಅದು ಹೊತ್ತು ಮೂಡಣಕ್ಕೆ ಹುಟ್ಟುತ್ತದೆ ಎನ್ನುವಷ್ಟು ಸರಳ ಸಂಗತಿ, ವಾದಕ್ಕೆ ಜಾಗವೇ ಇರಲಿಲ್ಲ. ಯಾರಾದರೂ ಈಚಿನ ಒಂದು ಹಾಡಿನ ಹೆಸರು ಹೇಳಿ ಇದು ಚಲೋ ಐತಲ್ರಿ ಅಂದರೆ ಅವರು ಸಿಟ್ಟಾಗುತ್ತಿರಲಿಲ್ಲ. ಮೈಯಲ್ಲಿ ಹುಷಾರಿಲ್ಲದವರನ್ನು ನೋಡುವಂತೆ ಒಮ್ಮೆ ನೋಡಿ, ಚೀಲದಿಂದ ಶೇಂಗಾ ತೆಗೆದು ಅವರ ಕೈಗೆ ಹಾಕುತ್ತಿದ್ದರು.

ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಅವರು ಸಮಾಜ ಕಲಿಸುತ್ತಿದ್ದರು, ನಾನು ಗಣಿತ. ನಮ್ಮ ಕಡೆ ಮಕ್ಕಳು ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ. ಶಾಲೆಯಲ್ಲಿ ಬಾಯಾರು ಅನ್ನಿಸಿಕೊಳ್ಳುವವರು ನಾವು ಐದಾರು ಮಂದಿ ಇದ್ದರೂ, ಹೆಸರಿಲ್ಲದೆ ಬರೀ ಬಾಯಾರು ಅಂದರೆ ಅವರೊಬ್ಬರೇ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಆಮೇಲೆ ಯಾವ ಹೋಟೆಲಿನಲ್ಲಿ, ಯಾವ ಆಟೋದಲ್ಲಿ ಹಳೆಯ ಹಾಡು ಕೇಳಿದರೂ ನನಗೆ ಆ ಹಾಡಿನ ಬದಲು ಅದರ ಬಗ್ಗೆ ಅವರು ಆಡಿದ ಮಾತು ಕೇಳಿಸುತ್ತದೆ. ಆ ಮಾತುಗಳನ್ನು ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು.

ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ನಲವತ್ತೈದು ದಾಟಿತ್ತು. ಅವರ ಮನೆ ಬೆಟಗೇರಿಯಲ್ಲಿ, ನನ್ನದು ಗದಗಿನಲ್ಲಿ. ಬೆಳಿಗ್ಗೆ ಇಬ್ಬರೂ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹಿಡಿಯುತ್ತಿದ್ದೆವು. ಕಿಟಕಿಯ ಸೀಟು ಯಾವಾಗಲೂ ಅವರಿಗೆ. ಶಿರಹಟ್ಟಿ ಬರುವ ತನಕ ಸಿನಿಮಾ, ಹಾಡು, ಟೀವಿ. ಶಿರಹಟ್ಟಿ ದಾಟಿದ ಮೇಲೆ ಕನ್ನಡಕ ಏರಿಸಿ ಆ ದಿನದ ಪಾಠ. ಒಂದು ದಿನ ಬಿಟ್ಟರೆ ಈ ಕಟ್ಟಳೆಯನ್ನು ಅವರು ಎಂದೂ ಮುರಿದದ್ದು ನಾನು ನೋಡಲಿಲ್ಲ. ಅರ್ಧ ಹೇಳಿದ ಮಾತಿದ್ದರೆ ಅಲ್ಲೇ ನಿಲ್ಲಿಸಿ, ಸಂಜೆ ಮರಳುವಾಗ ಅದೇ ಜಾಗದಿಂದ ಎತ್ತಿಕೊಳ್ಳುತ್ತಿದ್ದರು.

ಅವರು ನೌಕರಿಗೆ ಸೇರಿದ ಹೊಸದರಲ್ಲಿ ಪಗಾರ ಆದ ದಿನ ಗದಗಿನ ಬಜಾರಿಗೆ ಹೋಗಿ ಒಂದು ಕ್ಯಾಸೆಟ್ ತರುತ್ತಿದ್ದರಂತೆ. ತಂದ ಕ್ಯಾಸೆಟ್ಟನ್ನು ಮೊದಲು ತಿರುವಿ ಹಾಕುತ್ತಿದ್ದರು. ಎ ಸೈಡಿನಲ್ಲಿ ಇರುವುದು ಹೀರೋ ಬೈಕಿನ ಮೇಲೆ ಬರುವ ಹಾಡು, ಊರೆಲ್ಲ ಕುಣಿಯುವ ಹಾಡು. ಬಿ ಸೈಡಿನಲ್ಲಿ, ಎರಡನೆಯದೋ ಮೂರನೆಯದೋ ಆಗಿ, ಯಾರೂ ಕೇಳಲಾರರೆಂದು ಸಂಗೀತದವನು ತನ್ನ ಸಲುವಾಗಿ ಮಾಡಿಕೊಂಡ ಒಂದು ಹಾಡು ಇರುತ್ತಿತ್ತು. ಕೆಲವು ಸಲ ಅದು ಸಿನಿಮಾದಲ್ಲಿ ಇರುತ್ತಲೇ ಇರಲಿಲ್ಲ.

“ಎ ಸೈಡು ಊರಿಗೆ, ಬಿ ಸೈಡು ನಮಗ,” ಎನ್ನುತ್ತಿದ್ದರು.

ಮನುಷ್ಯರನ್ನೂ ಅವರು ಹಾಗೇ ಅಳೆಯುತ್ತಿದ್ದರು. ನಮ್ಮ ಹೆಡ್ ಮಾಸ್ತರರು ಪೂರಾ ಎ ಸೈಡು. ಬಿಸಿಯೂಟ ಮಾಡುವ ಮುದುಕಿ ಬಿ ಸೈಡು, ಅದರಲ್ಲೂ ಕಡೇ ಹಾಡು. ನಾನು ಏನೆಂದು ಕೇಳಿದಾಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನೀ ಇನ್ನೂ ಖಾಲಿ ಕ್ಯಾಸೆಟ್ಟು ಅಂದರು. ಅವರ ಯಜಮಾನರು ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ, ಒಂದು ದಲಾಲಿ ಅಂಗಡಿಯ ಗುಮಾಸ್ತರು. ಮೆಣಸಿನಕಾಯಿ, ಹತ್ತಿ, ಶೇಂಗಾಗಳ ಧಾರಣೆ ಬಿಟ್ಟು ಬೇರೆ ಏನನ್ನೂ ಕಿವಿಗೊಟ್ಟು ಕೇಳಿದವರಲ್ಲ. ಹಾಡು ಹಚ್ಚಿದರೆ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದರು. ಬಾಯಾರು ಅವರನ್ನು ಕ್ಯಾಸೆಟ್ಟಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರು ರೇಡಿಯೋದಾಗಿನ ಬಾಜಾರ ಧಾರಣಿ ಎಂದು ನಗುತ್ತಿದ್ದರು.

ಹಾಡು ಕೇಳುವಾಗ ಅವರದೊಂದು ಅಭ್ಯಾಸ. ಪಲ್ಲವಿ ಮುಗಿದು ಬರೀ ವಾದ್ಯ ಬರುವ ಜಾಗದಲ್ಲಿ, ಕೊಳಲೋ ಪಿಟೀಲೋ ಶುರುವಾಗುವ ಒಂದು ಕ್ಷಣ ಮೊದಲು, ತೋರುಬೆರಳು ಮೇಲೆತ್ತುತ್ತಿದ್ದರು. ಹುಡುಗರು ಮಾಸ್ತರರಿಗೆ ಪೆನ್ಸಿಲ್ ಕೇಳುವಾಗ ಎತ್ತುತ್ತಾರಲ್ಲ, ಹಾಗೆ. ಆ ಜಾಗವೇ ಅವರಿಗೆ ಎಲ್ಲ. ಆಗಿನ ಹಾಡಿನಲ್ಲಿ ವಾದ್ಯ ಹಾಡುಗಾರನಿಗಾಗಿ ಕಾಯುತ್ತಿತ್ತು, ಹಾಡುಗಾರ ವಾದ್ಯಕ್ಕಾಗಿ ಕಾಯುತ್ತಿದ್ದ, ಈಗ ಯಾರೂ ಯಾರಿಗೂ ಕಾಯುವುದಿಲ್ಲ, ಹಿಟ್ಟಿನ ಗಿರಣಿಯೊಳಗೆ ಕೂತಂತೆ ಆಗುತ್ತದೆ ಎಂದು ಅವರ ದೂರು.

ಹಾಗೆಂದು ಆ ಕಾಲದ್ದೆಲ್ಲ ಬಂಗಾರ ಎನ್ನುವವರಲ್ಲ. ಆಗಿನ ಸಿನಿಮಾದ ಕಥೆಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಸ್ಟಾಫ್ ರೂಮಿನಲ್ಲಿ ಹಿಂದಿ ಮಾಸ್ತರರು, ಆಗಿನ ಸಿನಿಮಾದ ಹೆಣ್ಣುಮಕ್ಕಳಿಗೆ ಎಷ್ಟು ತಾಳ್ಮೆ ಇತ್ತು, ಗಂಡ ಹೊಡೆದರೂ ತವರಿನ ಹೆಸರು ಕೆಡಿಸುತ್ತಿರಲಿಲ್ಲ ಎಂದು ಹೊಗಳತೊಡಗಿದರು. ಬಾಯಾರು ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ಆಕೀನ ಅಳಿಸಿದಾಂವ ಕಥಿ ಬರದಾಂವ್ರಿ ಸರ. ಅಳೋ ಹೊತ್ತಿನ್ಯಾಗ ಆಕಿ ಕೈಯಾಗ ಒಂದು ಹಾಡು ಕೊಟ್ಟಾಂವ ಸಂಗೀತದಾಂವ. ನಾ ಸಂಗೀತದಾಂವನ ಪಾರ್ಟಿ.”

ಟೀವಿಯ ವಿಷಯದಲ್ಲಿ ಮಾತ್ರ ಅವರು ಸ್ವಲ್ಪ ಮೆತ್ತಗಾಗುತ್ತಿದ್ದರು. ಆಗ ಇದ್ದದ್ದು ಒಂದೇ ಚಾನೆಲ್. ಅವರ ಓಣಿಯಲ್ಲಿ ಮೊದಲು ಟೀವಿ ಬಂದದ್ದು ಅವರ ಮನೆಗೆ. ವಾರಕ್ಕೊಮ್ಮೆ ಹಾಡಿನ ಕಾರ್ಯಕ್ರಮ ಬರುವ ಹೊತ್ತಿಗೆ ಪಕ್ಕದ ನೇಕಾರರ ಮನೆಗಳಲ್ಲಿ ಮಗ್ಗ ನಿಂತು, ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ಬಂದು ಪಡಸಾಲೆ ತುಂಬುತ್ತಿದ್ದರು. ನಡುವೆ ಪ್ರಸಾರ ಕೆಟ್ಟು, ತಡೆಗಾಗಿ ಕ್ಷಮೆ ಕೇಳುವ ಫಲಕ ಬಂದರೆ ಆ ಫಲಕವನ್ನೇ ನೋಡುತ್ತ ಕೂರುತ್ತಿದ್ದರಂತೆ. ಓಣಿಯ ಮಂದಿಯೆಲ್ಲ ಒಂದೇ ಹೊತ್ತಿಗೆ ಅಳುತ್ತಿದ್ದೆವು, ಈಗ ಒಂದು ಮನೆಯೊಳಗೆ ನಾಲ್ಕು ಮಂದಿ ನಾಲ್ಕು ಮೂಲೆಯಲ್ಲಿ ಕೂತು ಬೇರೆ ಬೇರೆ ಅಳುತ್ತಾರೆ ಎಂದು ಹೇಳಿ, ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಂದು ದಿನ ನಮ್ಮ ಬಸ್ಸು ಶಿರಹಟ್ಟಿಯಲ್ಲಿ ಕೆಟ್ಟು ನಿಂತಿತು. ಶಾಲೆಗೆ ತಡವಾಗುತ್ತದೆಂದು ಲಕ್ಷ್ಮೇಶ್ವರಕ್ಕೆ ಹೊರಟಿದ್ದ ಒಂದು ಟೆಂಪೋ ಹತ್ತಿದೆವು. ಡ್ರೈವರ್ ಹಾಡು ಹಚ್ಚಿದ್ದ, ಅದೂ ಬಾಯಾರ ಕಾಲದ್ದೇ. ಶಿರಹಟ್ಟಿ ದಾಟಿದ್ದರೂ ಅವರ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಪಲ್ಲವಿ ಮುಗಿಯಿತು, ಕೊಳಲು ಬಂತು. ಬಾಯಾರ ಬೆರಳು ಮೇಲೇಳಲಿಲ್ಲ. ಕೊಳಲು ನುಡಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ತಿರುಗಿ, ಡ್ರೈವರ್ ಯಾಕೆ ನಡುವೆಯೇ ಹಾಡು ಬಂದ್ ಮಾಡಿದ ಎಂದು ಕೇಳಿದರು.

ಹಾಡು ಇನ್ನೂ ನಡೆದಿತ್ತು. ಇನ್ನೂ ಹತ್ತೇತ್ರಿ ಬಾಯಾರ ಅಂದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ, ಈ ಟೆಂಪೋದವರ ಸ್ಪೀಕರ್ ಸುಮಾರ ಇರ್ತಾವ ಎಂದು ಹೇಳಿ, ಹೊರಗೆ ನೋಡುತ್ತ ಕೂತರು. ಲಕ್ಷ್ಮೇಶ್ವರ ಬರುವ ತನಕ ಪಾಠದ ಪುಸ್ತಕವನ್ನೂ ತೆಗೆಯಲಿಲ್ಲ.

ಆಮೇಲೆ ನೆನಪಿಸಿಕೊಂಡರೆ ಎಲ್ಲ ತಿಳಿಯಿತು. ಸುಮಾರು ದಿನಗಳಿಂದ ಅವರು ಬಸ್ಸಿನಲ್ಲಿ ತಾವೇ ಹೆಚ್ಚು ಮಾತಾಡುತ್ತಿದ್ದರು, ನನಗೆ ಮಾತಾಡಲು ಬಿಡುತ್ತಿರಲಿಲ್ಲ. ಅದು ಉಮೇದು ಎಂದು ನಾನು ತಿಳಿದಿದ್ದೆ. ಎದುರಿನವರಿಗೆ ಮಾತು ಬಿಟ್ಟುಕೊಟ್ಟರೆ ಕೇಳಿಸಿಕೊಳ್ಳಬೇಕಾಗುತ್ತದಲ್ಲ.

ಶಾಲೆಗೆ ಗೊತ್ತಾದದ್ದು ಮುಂದಿನ ಮಳೆಗಾಲದಲ್ಲಿ. ಒಂಬತ್ತನೆಯ ತರಗತಿಯಲ್ಲಿ ಅವರು ಬೋರ್ಡಿನ ಮೇಲೆ ನಕಾಶೆ ಬಿಡಿಸಿ ತುಂಗಭದ್ರೆಯನ್ನು ತಿದ್ದಿ ತೀಡಿ ಬರೆಯುತ್ತಿದ್ದರು. ಹಿಂದೆ ಹುಡುಗರು ಡೆಸ್ಕು ಬಡಿಯುತ್ತ ಆಗ ತಾನೇ ಬಂದಿದ್ದ ಒಂದು ಹಾಡು ಹಾಡುತ್ತಿದ್ದರು. ಮೊದಲು ಮೆಲ್ಲಗೆ, ಆಮೇಲೆ ಬಾಯಾರು ತಿರುಗುವುದಿಲ್ಲವೆಂದು ಖಾತ್ರಿಯಾಗಿ ಜೋರಾಗಿ. ಪಕ್ಕದ ತರಗತಿಯಿಂದ ನಾನೂ, ಆಫೀಸಿನಿಂದ ಹೆಡ್ ಮಾಸ್ತರರೂ ಬಂದೆವು. ನಮ್ಮನ್ನು ಕಂಡು ಹುಡುಗರು ಗಪ್ಪಾದರು. ನದಿಯನ್ನು ಪೂರ್ತಿ ಬರೆದು ಮುಗಿಸಿ, ಕೈಯ ಸುಣ್ಣ ಝಾಡಿಸಿ ತಿರುಗಿದ ಬಾಯಾರು ಬಾಗಿಲಲ್ಲಿ ಹೆಡ್ ಮಾಸ್ತರರನ್ನು ಕಂಡು, ಏನೋ ಸುತ್ತೋಲೆ ಓದಲು ಬಂದಿರಬೇಕೆಂದು, ಬರ್ರಿ ಸರ ಎಂದು ನಕ್ಕರು. ಹೆಡ್ ಮಾಸ್ತರರು ಕೆಟ್ಟವರಲ್ಲ. ನೆಲ ನೋಡುತ್ತ ಹೊರಟುಹೋದರು.

ಬಿಡುವಿನಲ್ಲಿ ಬಾಯಾರು ನನ್ನನ್ನು ಮೂಲೆಗೆ ಕರೆದು ಕೇಳಿದರು: “ಏನ್ ಹಾಡಾಕತ್ತಿದ್ರು?”

ನಾನು ಆ ಹಾಡಿನ ಹೆಸರನ್ನು ತುಟಿ ಬಿಡಿಸಿ ಹೇಳಿದೆ.

“ಅದಾ? ಆತು ಬಿಡು, ಕೇಳಸಲಿಲ್ಲ ಚಲೋ ಆತು,” ಎಂದು ನಕ್ಕರು. ಹೊರಗೆ ಬಿಡುವು ಮುಗಿದ ಗಂಟೆ ಹೊಡೆಯುತ್ತಿತ್ತು. ಆ ಸದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದರು. ನರ ಒಣಗುತ್ತಿದೆ, ಇನ್ನೂ ಇಳಿಯುತ್ತದೆ, ಮಷೀನು ಹಾಕಿಕೊಂಡರೆ ಮಾತು ಕೇಳಿಸಬಹುದು ಅಂದರಂತೆ. ಮಷೀನು ತಂದ ದಿನ ಅವರು ಮನೆಗೆ ಬಂದು ಮೊದಲು ಮಾಡಿದ ಕೆಲಸ ಟೇಪ್ ರೆಕಾರ್ಡರಿನ ಧೂಳು ಒರೆಸಿ ತಮಗೆ ಎಲ್ಲಕ್ಕಿಂತ ಇಷ್ಟವಾದ ಕ್ಯಾಸೆಟ್ ಹಾಕಿದ್ದು. ಮರುದಿನ ಬಸ್ಸಿನಲ್ಲಿ ಅದನ್ನು ಹೇಳಿದರು. ತಗಡಿನ ಮೇಲೆ ಕಾಳು ಸುರಿದಂತೆ ಕೇಳಿಸಿತಂತೆ. ಹಾಡುತ್ತಿರುವವರು ಗಂಡಸೋ ಹೆಂಗಸೋ ತಿಳಿಯಲಿಲ್ಲವಂತೆ.

“ನಾ ಬಂದ್ ಮಾಡಿಬಿಟ್ಟೆ ತಂಗಿ. ಆ ಹಾಡು ಹಂಗ ಐತಿ ಅಂತ ನನ್ನ ತಲಿಯೊಳಗ ಕುಂತುಬಿಟ್ರ, ಖರೇ ಹಾಡು ಎಲ್ಲಿ ಹುಡುಕ್ಲಿ?”

ಆಮೇಲೆ ಅವರು ಮಷೀನನ್ನು ಶಾಲೆಯಲ್ಲಿ ಮಾತ್ರ ಹಾಕಿಕೊಂಡರು. ಹಾಡು ಎಲ್ಲಿ ಶುರುವಾದರೂ ಅದನ್ನು ಕಿವಿಯಿಂದ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ತಲೆಯೊಳಗೆ ಎಲ್ಲ ಹಾಡೂ ಇವೆ, ಸಂಗೀತದವನು ಹೆಂಗೆ ಕಟ್ಟಿದ್ದನೋ ಹಂಗೇ ಇವೆ, ಕಣ್ಣು ಮುಚ್ಚಿದರೆ ಕೊಳಲು ಕೂಡ ಬರುತ್ತದೆ ಎನ್ನುತ್ತಿದ್ದರು. ಅದನ್ನು ನಾನು ನಂಬಿದ್ದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತು, ಒಮ್ಮೊಮ್ಮೆ ತಾವೇ ಬೆರಳೆತ್ತುವುದನ್ನು ನೋಡಿದ್ದೆ.

ಮಷೀನಿನಿಂದಲೂ ಆಗದಂತಾದಾಗ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಯಲ್ಲಿ ಹುಡುಗಿಯರು ಅವರ ಮೆಚ್ಚಿನ ಕಾಲದ ಒಂದು ಹಾಡು ಕಲಿತು ಬಂದಿದ್ದರು. ಬಾಯಾರು ವೇದಿಕೆಯ ಮೇಲೆ ಮಾಲೆ ಹಾಕಿಕೊಂಡು, ಒಂದೊಂದು ಹುಡುಗಿಯ ಬಾಯನ್ನೂ ಸರದಿಯಂತೆ ನೋಡುತ್ತ ಕೂತಿದ್ದರು. ಪಲ್ಲವಿ ಮುಗಿದು ಹುಡುಗಿಯರು ಉಸಿರು ತೆಗೆದುಕೊಳ್ಳಲು ನಿಂತರು. ಹಾಡು ಮುಗಿಯಿತೆಂದು ಬಾಯಾರು ಚಪ್ಪಾಳೆ ಹೊಡೆದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಿಸಿಯೂಟದ ಮುದುಕಿ ಬಾಗಿಲಲ್ಲಿ ನಿಂತವಳು ತಾನೂ ಚಪ್ಪಾಳೆ ಹೊಡೆದಳು, ಸಭೆಯೆಲ್ಲ ಹೊಡೆಯಿತು. ಚರಣಗಳನ್ನು ಹಾಡದೆಯೇ ಹುಡುಗಿಯರು ಕೆಳಗಿಳಿದರು.

ನಿವೃತ್ತಿಯ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದ್ದರು. ಗದಗಿನ ಆ ಕಲ್ಯಾಣ ಮಂಟಪ ಮೊದಲು ಟಾಕೀಜಾಗಿತ್ತು. ಬಾಯಾರು ಅಕ್ಷತೆಯ ಕಡೆ ನೋಡುವುದು ಬಿಟ್ಟು ಗೋಡೆಗಳನ್ನು ನೋಡುತ್ತಿದ್ದರು. ಇಲ್ಲಿ ಹೆಣ್ಣುಮಕ್ಕಳು ಕೂರುವ ಬಾಕು, ಅಲ್ಲಿ ಪಡದೆ, ಈಗ ಮದುಮಕ್ಕಳು ಕೂತಲ್ಲೇ ಎಷ್ಟು ಮಂದಿ ಸತ್ತರು, ಎಷ್ಟು ಮಂದಿ ಕೂಡಿದರು ಎಂದು ತೋರಿಸಿದರು. ಡೀಜೆ ಶುರುವಾದಾಗ ಹತ್ತಿರ ಕೂತವರೆಲ್ಲ ಕಿವಿ ಮುಚ್ಚಿ ಎದ್ದುಹೋದರು. ಅವರು ಆ ಕರಿ ಡಬ್ಬಿಯ ಪಕ್ಕದ ಕುರ್ಚಿಗೇ ಹೋಗಿ ಕೂತು ಅದರ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಬಂದು ನನ್ನ ಪಕ್ಕ ಕೂತು, ಬರೀ ಬಡತ ಐತಿ, ಒಳಗ ಏನೂ ಇಲ್ಲ ಅಂದರು.

ನಾನು ತಿಂಗಳಿಗೊಮ್ಮೆ ಬೆಟಗೇರಿಗೆ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಮಗಳನ್ನು ಮುಂಡರಗಿಗೆ ಕೊಟ್ಟಿದ್ದರು, ಅವಳೂ ಬಂದು ಹೋಗಿ ಮಾಡುತ್ತಿದ್ದಳು. ಅವರ ಮನೆಯಲ್ಲಿ ನಾನು ಎಂದೂ ನಿರೀಕ್ಷಿಸದ ಒಂದು ನೋಟ ಕಂಡೆ. ಸಂಜೆ ಟೀವಿಯಲ್ಲಿ ಹಾಡು ಹತ್ತಿದರೆ, ಹಿಂದೆ ಎದ್ದು ಕಟ್ಟೆಗೆ ಹೋಗುತ್ತಿದ್ದ ಅವರ ಯಜಮಾನರು, ನಾನು ಕಾಕಾ ಎಂದು ಕರೆಯುವವರು, ಈಗ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಪಕ್ಕದಲ್ಲಿ ಬಾಯಾರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಲೋ, ಬೆಳ್ಳುಳ್ಳಿ ಸುಲಿಯುತ್ತಲೋ ಇರುತ್ತಿದ್ದರು. ಕಾಕಾ ಅವರ ಎಡಗೈ ಎಳೆದುಕೊಂಡು ಅಂಗೈಯಲ್ಲಿ ಬೆರಳಿನಿಂದ ಒಂದು ಶಬ್ದ ಬರೆಯುತ್ತಿದ್ದರು. ಹಾಡಿನ ಮೊದಲ ಶಬ್ದ. ಟೀವಿಯ ದನಿ ತೀರ ಸಣ್ಣಗಿರುತ್ತಿತ್ತು, ಅದರಲ್ಲಿ ಬರುವುದು ಯಾವ ಹಾಡೆಂದು ನಾನು ಕಿವಿಗೊಟ್ಟಿರಲಿಲ್ಲ. ಬಾಯಾರು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸುತ್ತ, ತುಟಿಯಲ್ಲೇ ಆ ಹಾಡನ್ನು ಪೂರ್ತಿ ಮಾಡುತ್ತಿದ್ದರು. ಆಮೇಲೆ ತೀರ್ಪು: ಇದರಲ್ಲಿ ಎರಡನೇ ಚರಣದ ವೀಣೆ ಹೆಚ್ಚಾಯಿತು, ಇದನ್ನು ಆಕೆ ಹಾಡಬಾರದಿತ್ತು, ಇದು ಎ ಸೈಡಿನಲ್ಲಿ ಬಂದ ಬಿ ಸೈಡು. ಕಾಕಾ ಆ ದಿನದ ಧಾರಣೆ ಕೇಳಿದಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವರ ಸಂಸಾರದಲ್ಲಿ ಇಬ್ಬರೂ ಇಷ್ಟು ಒತ್ತಟ್ಟಿಗೆ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಹೋದ ವರ್ಷ ದೀಪಾವಳಿಯ ನಂತರ ಹೋದಾಗ ಕಾಕಾ ಯಾರ್ಡಿಗೆ ಹೋಗಿದ್ದರು. ಬಾಯಾರು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವರು ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದರು. ಮುಖ ಇಳಿದಿತ್ತು. ಮೈ ಹುಷಾರಿಲ್ಲೇನು ಎಂದು ಸನ್ನೆಯಲ್ಲಿ ಕೇಳಿದೆ. ಹಾಗಲ್ಲವೆಂದು ತಲೆಯಾಡಿಸಿದರು. ಕಡೆಗೆ, ಕಿವುಡರು ಮಾತಾಡುವ ಆ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು.

“ಹಾಡು ಹೋದ್ವು ತಂಗಿ.”

ನನಗೆ ತಿಳಿಯಲಿಲ್ಲ.

“ಮಾತು ಅದಾವ. ಎಲ್ಲಾ ಹಾಡಿಂದೂ ಅಕ್ಷರ ಅಕ್ಷರ ಹೇಳ್ತೀನಿ. ರಾಗ ಹೋತು. ಮೊದಲ ಕೊಳಲ ಹೋತು, ಆಮ್ಯಾಲೆ ದನಿ ಹೋತು. ಈಗ ಕಣ್ಣ ಮುಚ್ಚಿದ್ರ ಪೇಪರ್ ಓದಿದಂಗ ಆಗ್ತೈತಿ.”

ಯಾವಾಗಿನಿಂದ ಎಂದು ಕೇಳಿದೆ. ಗೊತ್ತಿಲ್ಲವೆಂದರು. ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ, ಕ್ಯಾಸೆಟ್ ಸವೆಯುವವರೆಗೆ ಕೇಳಿದ್ದ ಆ ಹಾಡನ್ನೇ ನೆನೆಸಿಕೊಂಡರಂತೆ, ಶಬ್ದಗಳು ಬಂದು ಸುಮ್ಮನೆ ನಿಂತವಂತೆ. ಉಳಿದವನ್ನು ಒಂದೊಂದಾಗಿ ಕರೆದು ನೋಡಿದರಂತೆ. ಯಾವುದೂ ಹಾಡಿಕೊಂಡು ಬರಲಿಲ್ಲವಂತೆ.

ನನಗೆ ಕಾಕಾ ನೆನಪಾದರು. ಅವರಿಗೆ ಹೇಳಿದಿರೇನು ಎಂದು ಅವರ ಅಂಗೈಯಲ್ಲೇ ಬರೆದೆ. ಬಾಯಾರು ಕೈ ಎಳೆದುಕೊಂಡರು. ಹೇಳಿಲ್ಲ, ನೀನೂ ಹೇಳಬೇಡ ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಕಾಕಾ ಬರೆಯುವ ಹಾಡೂ ಟೀವಿಯಲ್ಲಿ ಬರುವ ಹಾಡೂ ಬೇರೆ ಬೇರೆ. ಹಾಡುವವರ ತುಟಿ ನೋಡಿದರೆ ಅಷ್ಟೂ ತಿಳಿಯದೇನು? ಟೀವಿಯಲ್ಲಿ ಗಡ್ಡದ ಹುಡುಗ ಯಾವುದೋ ಹೊಸದನ್ನು ಹಾಡುತ್ತಿದ್ದರೆ, ಈ ಮನುಷ್ಯ ಇವರ ಕೈಯಲ್ಲಿ ಹಳೆಯದನ್ನು ಬರೆಯುತ್ತಾರೆ.

“ಜೀವನದಾಗ ಒಂದ ಹಾಡು ಗೊತ್ತಿರಲಿಲ್ಲ ಆ ಮನಷ್ಯಾಗ. ಎಲ್ಲೋ ಕಲ್ತು ಬರ್ತಾರ ದಿನಾ. ರಾಗ ಹೋತು ಅಂತ ಹ್ಯಾಂಗ ಹೇಳ್ಲಿ?”

ಆ ಸಂಜೆ ಕಾಕಾ ಬರುವ ತನಕ ನಾನು ಅಲ್ಲೇ ಇದ್ದೆ. ಅವರು ಕೈಕಾಲು ತೊಳೆದು ಬಂದು ಟೀವಿ ಹಚ್ಚಿ ಬಾಯಾರ ಕೈ ಹಿಡಿದು ಬರೆದರು. ಬಾಯಾರು ಕಣ್ಣು ಮುಚ್ಚಿದರು, ತಲೆ ಅಲ್ಲಾಡಿಸಿದರು, ತುಟಿ ಅಲ್ಲಾಡಿಸಿದರು. ನಾನು ನೋಡಲಾರದೆ ಚಪ್ಪಲಿ ಮೆಟ್ಟಿಕೊಂಡೆ.

ಶ್ರಾವಣದಲ್ಲಿ ಜ್ವರ ಬಂತು, ಕಿಡ್ನಿಗೆ ಇಳಿಯಿತು ಅಂದರು. ವಾರವೊಪ್ಪತ್ತಿನಲ್ಲಿ ಎಲ್ಲ ಮುಗಿಯಿತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ದಿನಕರ್ಮಗಳೆಲ್ಲ ತೀರಿ, ಮಗಳೂ ಮುಂಡರಗಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಕಾಕಾ ಪಡಸಾಲೆಯಲ್ಲಿ ಒಬ್ಬರೇ ಇದ್ದರು. ಚಾಪೆ ಹಾಸಿ ಕೂರಿಸಿದರು. ಮಳೆ, ಧಾರಣೆ, ಮೊಮ್ಮಗನ ಶಾಲೆ ಎಂದು ಸ್ವಲ್ಪ ಹೊತ್ತು ಆಡಿ, ಆಮೇಲೆ ತಾವಾಗಿಯೇ ಒಂದು ಗುಟ್ಟು ಹೇಳುವವರಂತೆ ಹೇಳಿದರು. ಟೀವಿಯಲ್ಲಿ ಬರುತ್ತಿದ್ದದ್ದೆಲ್ಲ ಈಗಿನ ಹಾಡುಗಳೇ. ಅವನ್ನು ಬರೆದರೆ ಆಕೆಗೆ ಬೇಸರವಾಗುತ್ತದೆಂದು ಅವರು ಹಳೆಯವನ್ನೇ ಬರೆಯುತ್ತಿದ್ದರು. ಯಾರ್ಡಿನಲ್ಲಿ ಹಾಡಿನ ಹುಚ್ಚಿನ ಒಬ್ಬ ಹಮಾಲನಿದ್ದ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವನನ್ನು ಕೇಳಿ ದಿನಕ್ಕೊಂದು ಕಲಿತು ಬರುತ್ತಿದ್ದರು. ಹಾದಿಯುದ್ದಕ್ಕೂ ಮರೆಯದಂತೆ ಬಾಯಲ್ಲಿ ಅನ್ನುತ್ತ ಬರುತ್ತಿದ್ದರು. ಆಕೆಗೆ ಸುಳ್ಳು ಹೇಳಿದಂತಾಯಿತಲ್ಲ ಎಂದು ಈಗ ಅವರಿಗೆ ಚುಚ್ಚುತ್ತಿತ್ತು.

ಬಾಯಾರಿಗೆ ಅದು ಗೊತ್ತಿತ್ತು, ಅವರು ಸಿಟ್ಟಾಗಿರಲಿಲ್ಲ ಎಂದು ಹೇಳಿದೆ. ಕಾಕಾ ತಮ್ಮ ತೋರುಬೆರಳನ್ನು ನೋಡಿಕೊಂಡರು.

“ನಾ ಬರದ ಕೂಡ್ಲೇ ಕಣ್ಣ ಮುಚ್ಚತಿದ್ಲು,” ಅಂದರು. “ನಮಗ ಅದರಾಗ ಏನೂ ತಿಳೀತಿರಲಿಲ್ಲ. ಆದ್ರ ಕಡೀತನಕಾ ಆಕಿಗೆ ಹಾಡು ಪೂರಾ ಕೇಳಸ್ತಿತ್ತಲ್ಲ ತಂಗಿ? ನಿನ್ನ ಮುಂದ ಎಲ್ಲಾ ಹೇಳತಿದ್ಲು ಆಕಿ.”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಪೂರಾ ಕೇಳಸ್ತಿತ್ರಿ ಕಾಕಾ,” ಅಂದೆ. “ಕೊಳಲ ಸೈತ.”

“ಹಂಗಾದ್ರ ಆತು,” ಅಂದರು. ಹೊರಗೆ ಮೋಡ ಮುಚ್ಚಿತ್ತು. ಒಣಹಾಕಿದ ಬಟ್ಟೆ ತೋಯುತ್ತವೆಂದು ಎದ್ದು, ನಿಚ್ಚಣಿಕೆಯನ್ನು ಮೆಲ್ಲಗೆ ಹಿಡಿದುಕೊಂಡು, ಮಾಳಿಗೆ ಹತ್ತಿದರು.